ನಿದ್ದೆ ಬಂದದ್ದು ಸುಭದ್ರೆಯ ತಪ್ಪಾ?

ಅಭಿಮನ್ಯುವಿನ ಕಥೆ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ಹೊಟ್ಟೆಯೊಳಗಿದ್ದಾಗಲೇ ಚಕ್ರವ್ಯೂಹದ ಒಳಗೆ ಹೋಗೋದನ್ನ ಕೇಳಿಸಿಕೊಂಡ, ಹೊರಗೆ ಬರೋ ಭಾಗ ಬರುವಷ್ಟರಲ್ಲಿ ಸುಭದ್ರೆಗೆ ನಿದ್ದೆ ಬಂತು. ಮುಂದಿನದ್ದು ನಿಮಗೆ ಗೊತ್ತು. ಅವನನ್ನು ಸುತ್ತುವರಿದು ಕೊಂದವರು ಅಷ್ಟು ಜನ ಮಹಾರಥಿಗಳು, ಆದರೂ ಕಥೆ ಕೇಳಿದವರ ಮನಸ್ಸಲ್ಲಿ ಉಳಿಯೋದು ಅಮ್ಮ ನಿದ್ದೆ ಹೋದಳು ಅನ್ನೋದು!

ಇವತ್ತು ಅದೇ ಕಥೆ ಇನ್ಸ್ಟಾಗ್ರಾಮ್ ರೀಲ್ಸ್‌ನಲ್ಲಿ ವಿಜ್ಞಾನದ ವೇಷ ಹಾಕ್ಕೊಂಡು ಬಂದಿದೆ. "ಬಸುರಿಯಾಗಿದ್ದಾಗ ಟೆನ್ಷನ್ ಮಾಡ್ಕೊಂಡ್ರೆ ಮಗುವಿನ ಬ್ರೇನ್ ಹಾಳಾಗುತ್ತೆ." ನಮ್ಮ ಘೋಡಗೇರಿ ಕಡೆ ಭಾಷೆಯಲ್ಲಿ ಹೇಳೋದಾದರೆ, "ಚಿಂತಿ ಮಾಡಬ್ಯಾಡ ತಂಗಿ, ಕೂಸಿಗಿ ತಟ್ಟತೈತಿ." ಹೇಳಿದವರು ಹೇಳಿ ಎದ್ದು ಹೋಗ್ತಾರೆ. ಕೇಳಿದವಳಿಗೆ ಮೊದಲಿದ್ದ ಚಿಂತೆಯ ಜೊತೆ, ಚಿಂತೆ ಮಾಡ್ತಿದೀನಲ್ಲ ಅನ್ನೋ ಇನ್ನೊಂದು ಚಿಂತೆ.

ಹಾಗಂತ ವಿಷಯ ಸುಳ್ಳಲ್ಲ. ಒತ್ತಡ ಆದಾಗ ತಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತೆ. ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಒಂದು ಎಂಜೈಮ್ ಇದೆ. ಅದು ಕಾರ್ಟಿಸಾಲ್‌ನ ಬಹುಪಾಲನ್ನು ಕೆಲಸಕ್ಕೆ ಬಾರದ ಕಾರ್ಟಿಸೋನ್ ಆಗಿ ಬದಲಾಯಿಸಿ ಮಗುವಿನ ಕಡೆ ಬಿಡುತ್ತೆ. ಇಸಿಯವರಿಗೆ ಹೇಳಬೇಕಂದ್ರೆ, ಒಳ್ಳೆ ಫಿಲ್ಟರ್. ದಿನದ ಸಣ್ಣಪುಟ್ಟ ಜಗಳ, ಸಿಟ್ಟು, ಬಸ್ ತಪ್ಪಿದ್ದು ಇದೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲ. ಒತ್ತಡ ವಾರಗಟ್ಟಲೆ ಜೋರಾಗಿ ಮುಂದುವರಿದಾಗ ಮಾತ್ರ ಫಿಲ್ಟರ್ ಸೋಲಬಹುದು. ಆಗ ಬೆಳೆಯುತ್ತಿರೋ ಮೆದುಳಿನ ಮೇಲೆ, ಮುಖ್ಯವಾಗಿ ಭಯ ಮತ್ತು ನೆನಪಿಗೆ ಸಂಬಂಧಪಟ್ಟ ಭಾಗಗಳ ಮೇಲೆ, ಪರಿಣಾಮ ಆಗಬಹುದು.

ಇದನ್ನ ಅಳೆಯೋದು ಹೇಗೆ? ಬಸುರಿಯರಿಗೆ ಬೇಕಂತಲೇ ಒತ್ತಡ ಕೊಟ್ಟು ಪ್ರಯೋಗ ಮಾಡೋಕಾಗಲ್ಲ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹಿಮಮಳೆ ಬಿದ್ದು ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯ್ತು, ಕೆಲವು ಕಡೆ ತಿಂಗಳಿಗಿಂತ ಜಾಸ್ತಿ. ಸುಝಾನ್ ಕಿಂಗ್ ಅನ್ನೋ ಸಂಶೋಧಕಿ ಆಗ ಗರ್ಭಿಣಿಯರಾಗಿದ್ದವರನ್ನು ಹುಡುಕಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅವರು ಎರಡು ವಿಷಯ ಬೇರೆ ಮಾಡಿ ಅಳೆದರು: ತಾಯಿಗೆ ನಿಜವಾಗಿ ಎಷ್ಟು ಕಷ್ಟ ಆಯ್ತು, ಮತ್ತೆ ಅವಳು ಎಷ್ಟು ಬೇಜಾರು ಮಾಡ್ಕೊಂಡಳು. ಮಕ್ಕಳಿಗೆ ಎರಡು ವರ್ಷ ಆದಾಗ, ಮಾತು ಮತ್ತು ಕಲಿಕೆಯಲ್ಲಿ ಸರಾಸರಿಯಾಗಿ ಹಿಂದೆ ಇದ್ದವರು ಹೆಚ್ಚು ಕಷ್ಟ ಅನುಭವಿಸಿದ ತಾಯಂದಿರ ಮಕ್ಕಳು. ಬೇಜಾರಿನ ಪ್ರಮಾಣಕ್ಕಿಂತ ಕಷ್ಟದ ಪ್ರಮಾಣ ಮುಖ್ಯ ಆಗಿತ್ತು.

ಈ ವಾಕ್ಯವನ್ನ ಇನ್ನೊಂದು ಸಲ ಓದಿ. "ಖುಷಿಯಾಗಿರು" ಅನ್ನೋ ಬುದ್ಧಿಮಾತಿನಿಂದ ಹೋಗೋ ಸಮಸ್ಯೆ ಅಲ್ಲ ಇದು.

ನಮ್ಮಲ್ಲಿ ಹಿಮಮಳೆ ಇಲ್ಲ, ಹೊಳೆ ಇದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ತುಂಬಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಊರುಗಳು ಮುಳುಗಿದವು. 2021ರಲ್ಲೂ, 2024ರಲ್ಲೂ ನೀರು ಬಂತು. ಕಾಳಜಿ ಕೇಂದ್ರ ಅಂದರೆ ಸಾಮಾನ್ಯವಾಗಿ ಸರ್ಕಾರಿ ಶಾಲೆಯ ರೂಮು. ಅಲ್ಲಿ ಏಳು ತಿಂಗಳ ಬಸುರಿಗೆ ಮಲಗೋಕೆ ಜಾಗ, ರಾತ್ರಿ ಹೋಗೋಕೆ ಹತ್ತಿರದಲ್ಲಿ ಟಾಯ್ಲೆಟ್, ಕಳೆದುಹೋದ ತಾಯಿ ಕಾರ್ಡ್ ಬದಲು ಇನ್ನೊಂದು: ಇವು ಮೆದುಳಿನ ಬೆಳವಣಿಗೆಯ ವಿಷಯಗಳೇ. ಪರಿಹಾರದ ಚೆಕ್ ಬೇಗ ಬರೋದೂ ಅಷ್ಟೇ.

2011ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪ್ರವಾಹ ಬಂದಾಗಲೂ ಇಂಥದ್ದೇ ಅಧ್ಯಯನ ನಡೀತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಇದು: ಬಸಿರಿನುದ್ದಕ್ಕೂ ಪರಿಚಯದ ಒಬ್ಬಳೇ ಸೂಲಗಿತ್ತಿ ನೋಡಿಕೊಂಡಿದ್ದ ತಾಯಂದಿರ ಮಕ್ಕಳು, ಆರು ತಿಂಗಳಿದ್ದಾಗಿನ ಬೆಳವಣಿಗೆಯ ಅಳತೆಗಳಲ್ಲಿ ಮೇಲಿದ್ದರು. ಔಷಧಿ ಅಲ್ಲ, ಮಷಿನ್ ಅಲ್ಲ, ಪರಿಚಯದ ಒಂದು ಮುಖ.

ನಮ್ಮೂರುಗಳಲ್ಲಿ ಆ ಮುಖ ಆಶಾ ಕಾರ್ಯಕರ್ತೆಯದು. ಯಾರ ಮನೇಲಿ ಯಾರಿಗೆ ಎಷ್ಟನೇ ತಿಂಗಳು ಅಂತ ಅವರ ರಿಜಿಸ್ಟರ್‌ನಲ್ಲಿರುತ್ತೆ. ಅದೇ ಆಶಾಗಳು 2025ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಿದ್ದರು. ಮಕ್ಕಳ ಬ್ರೇನ್ ಬಗ್ಗೆ ರೀಲ್ಸ್ ಮಾಡೋರಲ್ಲಿ ಒಬ್ಬರೂ ಅದರ ಬಗ್ಗೆ ರೀಲ್ಸ್ ಮಾಡಿದ್ದು ನಾನು ನೋಡಲಿಲ್ಲ.

ಒಂದು ಮಾತು ಹೇಳಲೇಬೇಕು. ಇವೆಲ್ಲ ಸರಾಸರಿಗಳು. ಪ್ರವಾಹದ ವರ್ಷ ಹುಟ್ಟಿದ ನಿಮ್ಮ ತಮ್ಮ ದಡ್ಡ ಅಂತ ಇದರ ಅರ್ಥ ಅಲ್ಲ. ಮೆದುಳು ಹುಟ್ಟಿದ ಮೇಲೂ ಬೆಳೀತಾನೇ ಇರುತ್ತೆ. ಮನೆಯಲ್ಲಿ ಯಾರಾದರೂ ಬಸುರಿ ಅಕ್ಕ, ಅತ್ತಿಗೆ ತುಂಬಾ ದಿನದಿಂದ ಕುಗ್ಗಿಹೋಗಿದ್ದರೆ ಟೆಲಿ-ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಈಗ ನಮ್ಮ ಕೆಲಸ. ಹಿಡಕಲ್ ಡ್ಯಾಂನಿಂದ ಎಷ್ಟು ನೀರು ಬಿಟ್ಟರು ಅನ್ನೋ ಲೆಕ್ಕ ಒಂದು ಕಡೆ, ಆಶಾ ರಿಜಿಸ್ಟರ್ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸಿ, ಹೊಳೆ ದಂಡೆಯ ಊರಿನ ಗರ್ಭಿಣಿಯರನ್ನು ಎಲ್ಲರಿಗಿಂತ ಮೊದಲು, ಹಗಲು ಹೊತ್ತಲ್ಲೇ ಸಾಗಿಸೋಕೆ ಆಶಾಗೆ ಒಂದು ಮೆಸೇಜ್ ಹೋಗಬೇಕು. ದೊಡ್ಡ ಎಐ ಏನೂ ಬೇಡ. ಬರೋ ವರ್ಷದ ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ತಗೋತಿದೀನಿ. ಇನ್ನಿಬ್ಬರು ಬೇಕು. ಆಶಾ ಅಕ್ಕನವರ ಹತ್ತಿರ ಕೂತು ಅವರ ರಿಜಿಸ್ಟರ್ ಹೇಗಿರುತ್ತೆ ಅಂತ ಕೇಳಿ ತಿಳ್ಕೊಳ್ಳೋ ತಾಳ್ಮೆ ಇದ್ರೆ ಸಾಕು, ಕೋಡಿಂಗ್ ಆಮೇಲೆ ನೋಡೋಣ.