ಯಾರೂ ಇಲ್ಲದ ಫೋಟೋ

ಸಿನಿಮಾ ಪತ್ರಿಕೆಯೆಂದರೆ ಮುಖಗಳ ಸಂತೆ. ಮುಖವಿಲ್ಲದ ಫೋಟೋ ಕೊಟ್ಟರೆ ಸಂಪಾದಕರು "ಇದರಲ್ಲಿ ಯಾರಿದ್ದಾರ್ರೀ?" ಎಂದು ಗದರುತ್ತಾರೆ. ಈ ವಾರ ಅಂಥ ಎರಡು ಫೋಟೋಗಳ ಸಮಾಚಾರ, ಓದುಗರೇ.

ಒಂದು, 1838ರಲ್ಲಿ ಪ್ಯಾರಿಸ್ಸಿನ ಡಗೇರ್ ತನ್ನ ಕಿಟಕಿಯಿಂದ ತೆಗೆದ ಬೀದಿ. ಜನ, ಕುದುರೆಗಾಡಿ ಓಡಾಡುತ್ತಿದ್ದ ಬೀದಿ ಚಿತ್ರದಲ್ಲಿ ಬಿಕೋ ಅನ್ನುತ್ತದೆ! ಆಗ ಒಂದು ಚಿತ್ರ ಮೂಡಲು ನಿಮಿಷಗಳೇ ಬೇಕಿತ್ತು. ಓಡಾಡಿದವರೆಲ್ಲ ಮಾಯ. ಬೂಟು ಪಾಲಿಶ್ ಮಾಡಿಸುತ್ತ ನಿಂತಂತಿರುವ ಒಬ್ಬ ಮಾತ್ರ ಸ್ಪಷ್ಟವಾಗಿ ಉಳಿದುಕೊಂಡ.

ಇನ್ನೊಂದು ನಾನೇ ತೆಗೆದದ್ದು. ನಮ್ಮ ಹಿತ್ತಲು. ಒಗೆಯುವ ಕಲ್ಲು, ತಂತಿಯ ಮೇಲೆ ಹಸಿ ಸೀರೆ, ಕಟ್ಟೆಯ ಮೇಲೆ ಅರ್ಧ ಕುಡಿದ ಕಾಫಿ ಲೋಟ. "ಅಮ್ಮಾ, ಒಂದ್ನಿಮಿಷ ನಿಂತ್ಕೋ" ಅಂದೆ. "ನಂಗೆಲ್ಲೋ ಪುರುಸೊತ್ತು, ಹಾಲು ಉಕ್ಕುತ್ತೆ" ಅಂತ ಒಳಗೋಡಿದಳು. ರೀಲಿನಲ್ಲಿ ಉಳಿದಿದ್ದು ಒಂದೇ, ಸುಮ್ಮನೆ ಒತ್ತಿಬಿಟ್ಟೆ.

ಅಮ್ಮ ಈಗಿಲ್ಲ. ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ಬಿಗಿದುಕೊಂಡು ನಿಂತವಳು ನಮ್ಮಮ್ಮನ ಹಾಗೆ ಕಾಣೋದೇ ಇಲ್ಲ. ಹಿತ್ತಲಿನ ಫೋಟೋ ನೋಡಿದರೆ, ಈಗ ಬಂದು ಲೋಟ ಎತ್ತಿಕೊಳ್ಳುತ್ತಾಳೆ ಅನ್ನಿಸುತ್ತದೆ.

ಯಾರಿದ್ದಾರ್ರೀ ಅಂತ ಕೇಳಿ ಸಾರ್, ಹೇಳ್ತೀನಿ.