ಶೇಕಡಾ ಐದರ ಲೆಕ್ಕ

ಶ್ರೀಮಂತನೊಬ್ಬ ಜೀವಮಾನವೆಲ್ಲ ಕೂಡಿಟ್ಟ ಕಲಾಕೃತಿಗಳನ್ನು ಕೊನೆಗೆ ಜನರ ಪಾಲಿಗೆ ಬಿಟ್ಟುಹೋದರೆ, ಆ ಸಂಪತ್ತು ಹುಟ್ಟಿದ ನೆಲದ ಋಣ ತೀರುತ್ತದೆಯೇ? ತೈಲದ ಕುಬೇರ ಕಲೂಸ್ತ್ ಗುಲ್ಬೆಂಕಿಯನ್‌ನ ಕಥೆ ಈ ಪ್ರಶ್ನೆಯನ್ನು ಎತ್ತುತ್ತದೆ. ಕೋಲಾರದ ಚಿನ್ನದ ಗಣಿಯನ್ನು, ಅಂದರೆ ಕೆ.ಜಿ.ಎಫ್. ಅನ್ನು, ಬಲ್ಲವರಿಗೆ ಅದು ದೂರದ ಕಥೆಯೇನಲ್ಲ.

1869ರಲ್ಲಿ ಇಸ್ತಾಂಬುಲ್‌ನ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿದ ಈತನ ಬಂಡವಾಳವೆಂದರೆ ಕಂಪನಿಗಳ ನಡುವೆ ಕೂತು ಒಪ್ಪಂದ ಕುದುರಿಸುವ ಜಾಣ್ಮೆ. ಇರಾಕಿನ ತೈಲದಲ್ಲಿ ಅವನಿಗೆ ಸಿಕ್ಕ ಪಾಲು ಶೇ. 5, 1928ರ ಒಪ್ಪಂದ ಅದನ್ನು ಗಟ್ಟಿಮಾಡಿತು. ಆ ಹಣದಲ್ಲಿ ಸುಮಾರು 6,000 ಕೃತಿಗಳು ಬಂದು ಸೇರಿದವು. ಸೋವಿಯತ್ ಸರ್ಕಾರ ಹಣದ ಅಡಚಣೆಯಲ್ಲಿ ಹರ್ಮಿಟೇಜ್ ಸಂಗ್ರಹದಿಂದ ಮಾರಿದ ರೆಂಬ್ರಾಂಟ್ ಚಿತ್ರಗಳೂ ಅವುಗಳಲ್ಲಿವೆ. 1955ರಲ್ಲಿ ಆತ ಲಿಸ್ಬನ್‌ನಲ್ಲಿ ತೀರಿಕೊಂಡ. 1969ರಲ್ಲಿ ಅಲ್ಲೇ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ತೈಲ ಇರಾಕಿನದು, ಚಿತ್ರಗಳು ಪೋರ್ಚುಗಲ್ಲಿಗೆ! ಅವನ ಪ್ರತಿಷ್ಠಾನ ಬಾಗ್ದಾದಿನಲ್ಲಿ ಒಂದು ಕ್ರೀಡಾಂಗಣ ಕಟ್ಟಿಸಿಕೊಟ್ಟಿತು ಎನ್ನುವುದನ್ನೂ ಹೇಳಬೇಕು. ಆದರೆ ಕೊಡಬೇಕೋ ಬೇಡವೋ, ಏನನ್ನು, ಯಾವಾಗ ಎಂದು ತೀರ್ಮಾನಿಸುವ ಹಕ್ಕು ಕೊಡುವವನ ಬಳಿಯೇ ಉಳಿಯಿತು. ದಾನಕ್ಕೂ ಬಾಕಿಗೂ ಇರುವ ವ್ಯತ್ಯಾಸವೇ ಇದು.

ನಮ್ಮಲ್ಲೂ ಒಂದು ಶೇ. 5 ಇತ್ತು. ಕೆ.ಜಿ.ಎಫ್.ನಲ್ಲಿ ತೆಗೆದ ಚಿನ್ನದ ಮೇಲೆ ಮೈಸೂರು ಸರ್ಕಾರಕ್ಕೆ ಸಲ್ಲುತ್ತಿದ್ದ ರಾಯಧನ ಅಷ್ಟೇ. ಅಲ್ಲಿ ಮಧ್ಯವರ್ತಿಯೊಬ್ಬನಿಗೆ ಸಿಕ್ಕಿದ ಪ್ರಮಾಣವೇ ಇಲ್ಲಿ ನೆಲದ ಒಡೆತನವಿದ್ದ ಸಂಸ್ಥಾನಕ್ಕೂ ಸಿಕ್ಕಿತು! 1875ರಲ್ಲಿ ಗಣಿಯ ಪರವಾನಗಿ ಪಡೆದ ಮೈಕೆಲ್ ಲ್ಯಾವೆಲ್ಲೆಯ ಹೆಸರು ಇವತ್ತು ಬೆಂಗಳೂರಿನ ಅತಿ ದುಬಾರಿ ರಸ್ತೆಯೊಂದರ ಮೇಲಿದೆ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ ನಡೆಯಿತು. ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ತಲುಪಿದ್ದು ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಗಣಿಗೆ ಬಂದ ಆ ಬೆಳಕಿನ ಕೆಳಗೆ, ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ, ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ದಲಿತ ಕುಟುಂಬಗಳ ಗಂಡಸರು ದುಡಿದರು. ಬಂಡೆ ಸಿಡಿದು ಸತ್ತವರಿದ್ದಾರೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ವರ್ಷಗಟ್ಟಲೆ ಕೆಮ್ಮಿ ಸತ್ತವರೂ ಇದ್ದಾರೆ. 1930ರಲ್ಲಿ ಬೆರಳಚ್ಚು ಕೊಡಬೇಕೆಂದಾಗ ಅವರು ಕೆಲಸ ನಿಲ್ಲಿಸಿದರು. ಕೈದಿಗಳಂತೆ ಗುರುತು ಹಚ್ಚಿಸಿಕೊಳ್ಳಲು ಅವರು ತಯಾರಿರಲಿಲ್ಲ.

ಸುಮಾರು 800 ಟನ್ ಚಿನ್ನ ಹೊರಹೋದ ಮೇಲೆ, 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಊರಿಗೆ ಉಳಿದದ್ದು ಚಿನ್ನ ತೆಗೆದ ಮೇಲಿನ ತ್ಯಾಜ್ಯದ ಸೈನೈಡ್ ದಿಬ್ಬ, ಕಾರ್ಮಿಕರ ಲೈನ್ ಮನೆ, ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿನ ಕೂಲಿಗೆ, ಕಚೇರಿಗೆ ಜನರನ್ನು ಹೊರುವ ಬೆಳಗಿನ ರೈಲು.

ನಮಗೊಬ್ಬ ಗುಲ್ಬೆಂಕಿಯನ್ ಸಿಗಲಿಲ್ಲವೆಂಬ ಕೊರಗು ನನಗಿಲ್ಲ. ಸಿಕ್ಕಿದ್ದರೂ ಚಿತ್ರಗಳು ಲ್ಯಾವೆಲ್ಲೆ ರಸ್ತೆಯ ಆಸುಪಾಸಿಗೇ ಬರುತ್ತಿದ್ದವು, ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಗಲ್ಲ. ರಸಿಕನ ಕಣ್ಣು ಕೃತಿಗಳನ್ನು ಉಳಿಸುತ್ತದೆ, ಅದು ಸಣ್ಣ ಸೇವೆಯಲ್ಲ. ಆದರೆ ಅದನ್ನು ನೆಲದ ಬಾಕಿಗೆ ವಜಾ ಮಾಡಿಕೊಳ್ಳಲು ಬರುವುದಿಲ್ಲ.

2024ರಲ್ಲಿ, ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಈ ಸಲವಾದರೂ ಕರಾರಿನಲ್ಲೇ ಬರೆಯಿಸಿ: ಬರುವ ಆದಾಯದ ನಿಗದಿತ ಪಾಲು ಕೆ.ಜಿ.ಎಫ್.ನ ಆಸ್ಪತ್ರೆಗೆ, ಕುಡಿಯುವ ನೀರಿಗೆ, ಹಳೆಯ ಶಾಫ್ಟೊಂದರ ಪಕ್ಕದಲ್ಲಿ ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯಕ್ಕೆ. ಯಾರ ದೊಡ್ಡಮನಸ್ಸಿಗೂ ಕಾಯದೆ, ಹಕ್ಕಾಗಿ.