ಎತ್ತರಕ್ಕೆ ಎನ್‌ಒಸಿ ಕೇಳ್ತಾರೆ, ಶಬ್ದದ ಬಗ್ಗೆ ಯಾರೂ ಕೇಳಲ್ಲ

ದೇವನಹಳ್ಳಿ: ತಾಲೂಕಿನಲ್ಲಿ ನಾಲ್ಕೈದು ಮಹಡಿ ಎಬ್ಬಿಸಬೇಕು ಅಂದರೆ ಮೊದಲು ಬರುವ ಪ್ರಶ್ನೆ ‘ಏರ್‌ಪೋರ್ಟ್ ಎನ್‌ಒಸಿ ಆಯ್ತಾ?’ ಅನ್ನೋದು. ಅದಕ್ಕೆ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಬಣ್ಣದ ನಕ್ಷೆಯೇ ಇದೆ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎತ್ತರ ಕಟ್ಟಬಹುದು ಅಂತ ಬಣ್ಣ ನೋಡಿ ಹೇಳುವಷ್ಟು ಅದು ಬಿಲ್ಡರ್‌ಗಳಿಗೆ ಬಾಯಿಪಾಠ. ಆದರೆ ಆ ನಕ್ಷೆ ಇರುವುದು ವಿಮಾನದ ಸುರಕ್ಷತೆಗೆ. ಆ ಮನೆಯಲ್ಲಿ ಮಲಗುವವರ ನಿದ್ದೆ ಏನಾಗುತ್ತದೆ ಅನ್ನುವ ಪ್ರಶ್ನೆ ಅದರಲ್ಲಿ ಇಲ್ಲ. ಸೈಟು ತೋರಿಸುವ ಏಜೆಂಟರ ಬಾಯಲ್ಲೂ ‘ಏರ್‌ಪೋರ್ಟಿಗೆ ಹತ್ತೇ ನಿಮಿಷ’ ಅನ್ನೋದು ಬರುತ್ತದೆಯೇ ಹೊರತು ಶಬ್ದದ ಮಾತು ಬರುವುದಿಲ್ಲ.

ಕೆಂಪೇಗೌಡ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇನಲ್ಲಿ, ಒಂದೇ ರನ್‌ವೇ ಇಟ್ಟುಕೊಂಡು. 2019ರ ಡಿಸೆಂಬರ್‌ನಲ್ಲಿ ದಕ್ಷಿಣದ ಎರಡನೇ ರನ್‌ವೇ ಬಂತು. 2024-25ರಲ್ಲಿ ಇಲ್ಲಿಂದ ಓಡಾಡಿದ ಪ್ರಯಾಣಿಕರು 4 ಕೋಟಿಗೂ ಹೆಚ್ಚು. ಏರುವುದು, ಇಳಿಯುವುದು ಎರಡೂ ಸೇರಿ ದಿನಕ್ಕೆ 700ಕ್ಕೂ ಹೆಚ್ಚು ವಿಮಾನ.

ಶಬ್ದ ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದರಲ್ಲಿ ಜನರಿಗೆ ಒಂದು ತಪ್ಪು ಲೆಕ್ಕ ಇದೆ. ನಿಲ್ದಾಣಕ್ಕೆ ಹತ್ತಿರ ಇದ್ದರೆ ಶಬ್ದ ಜಾಸ್ತಿ, ದೂರ ಇದ್ದರೆ ಕಡಿಮೆ ಅಂದುಕೊಳ್ಳುತ್ತಾರೆ. ನಿಜಕ್ಕೂ ನೋಡಬೇಕಾದ್ದು ರನ್‌ವೇಯ ಗೆರೆ. ಎರಡೂ ರನ್‌ವೇ ಇರುವುದು ಪೂರ್ವ-ಪಶ್ಚಿಮವಾಗಿ. ದೇವನಹಳ್ಳಿ ಪೇಟೆ ಅದಕ್ಕೆ ಉತ್ತರದಲ್ಲಿ, ಅಂದರೆ ಪಕ್ಕಕ್ಕೆ ಇದೆ. ಹಾಗಾಗಿ ಹತ್ತಿರವಿದ್ದೂ ಪೇಟೆಯವರು ಸ್ವಲ್ಪ ಬಚಾವ್. ಪೂರ್ವಕ್ಕೆ ಸೂಲಿಬೆಲೆ ದಿಕ್ಕಿನಲ್ಲಿ, ಪಶ್ಚಿಮಕ್ಕೆ ಬಳ್ಳಾರಿ ರಸ್ತೆ ದಾಟಿ ರಾಜಾನುಕುಂಟೆ ದಿಕ್ಕಿನಲ್ಲಿ ಗೆರೆಯ ನೇರಕ್ಕೆ ಬರುವ ಹಳ್ಳಿಗಳ ಕಥೆ ಬೇರೆ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ ತುದಿಯಿಂದ 10 ಕಿ.ಮೀ. ಆಚೆ ಅದರ ಎತ್ತರ ಸುಮಾರು 520 ಮೀಟರ್, 5 ಕಿ.ಮೀ. ಆಚೆ ಬರೀ 260 ಮೀಟರ್.

ಗಾಳಿಯದ್ದೂ ಪಾತ್ರ ಇದೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ರಾಗಿ ತೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವಾಗ ವಿಮಾನಗಳು ಪೂರ್ವದ ಕಡೆಯಿಂದ ಇಳಿದು ಪಶ್ಚಿಮಕ್ಕೆ ಏರುತ್ತವೆ. ಚಳಿಗಾಲದಲ್ಲಿ ಇದು ಉಲ್ಟಾ. ಅದಕ್ಕೇ ಒಂದು ಭಾನುವಾರ ಮಧ್ಯಾಹ್ನ ಬಂದು ‘ಏನೂ ಸದ್ದಿಲ್ಲವಲ್ಲ’ ಅಂತ ಅಡ್ವಾನ್ಸ್ ಕೊಟ್ಟು ಹೋದವರು ಆರು ತಿಂಗಳ ಮೇಲೆ ಪೇಚಾಡುವುದು. ವಿದೇಶದ ವಿಮಾನಗಳು ಹೆಚ್ಚು ಓಡಾಡುವುದು ನಡುರಾತ್ರಿಯ ಹೊತ್ತಿನಲ್ಲಿ ಅನ್ನೋದೂ ಮಧ್ಯಾಹ್ನ ಬಂದವರಿಗೆ ಕಾಣುವುದಿಲ್ಲ.

ಕಾನೂನು ಇಲ್ಲವೇ? ಇದೆ. ಕೇಂದ್ರ ಪರಿಸರ ಸಚಿವಾಲಯದ 2018ರ ಅಧಿಸೂಚನೆ ಪ್ರಕಾರ, ವರ್ಷಕ್ಕೆ 50,000ಕ್ಕಿಂತ ಹೆಚ್ಚು ಏರಿಳಿತ ಇರುವ ನಿಲ್ದಾಣದ ಶಬ್ದ ವಲಯದಲ್ಲಿ ಹಗಲು 70 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 65 ಡೆಸಿಬಲ್ ಮಿತಿ. ಮಾಮೂಲಿ ವಸತಿ ಪ್ರದೇಶಕ್ಕೆ 2000ದ ನಿಯಮದಲ್ಲಿರುವ ಮಿತಿ ಹಗಲು 55, ರಾತ್ರಿ 45. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಶಬ್ದ ಹೆಚ್ಚುಕಡಿಮೆ ದುಪ್ಪಟ್ಟು ಕೇಳುತ್ತದೆ. ರಾತ್ರಿ ಹೊತ್ತು ಬೇರೆ ಊರಿಗಿಂತ 20 ಡೆಸಿಬಲ್ ಜಾಸ್ತಿ ಅಂದರೆ ನಾಲ್ಕು ಪಟ್ಟು.

ಅದಕ್ಕಿಂತ ದೊಡ್ಡ ತಕರಾರು ಇರುವುದು ‘ಸರಾಸರಿ’ ಅನ್ನುವ ಪದದಲ್ಲಿ. ಈ ಮಿತಿ ಇಡೀ ರಾತ್ರಿಯ ಸರಾಸರಿಗೆ. ಒಂದು ಮನೆ ಮೇಲೆ ರಾತ್ರಿ 10 ವಿಮಾನ, ಪ್ರತಿಯೊಂದೂ 30 ಸೆಕೆಂಡ್ 80 ಡೆಸಿಬಲ್ ಸದ್ದು ಮಾಡಿಕೊಂಡು ಹೋಯಿತು ಅಂತಿಟ್ಟುಕೊಳ್ಳಿ. ಮಲಗಿದ ಮಗು ಹತ್ತು ಸಲ ಬೆಚ್ಚಿ ಎದ್ದಿರುತ್ತದೆ. ಆದರೆ ಎಂಟು ಗಂಟೆಗೆ ಹಂಚಿದರೆ ಆ ಹತ್ತರ ಸರಾಸರಿ ಸುಮಾರು 60 ಡೆಸಿಬಲ್ ಅಷ್ಟೇ. ಕಾಗದದ ಮೇಲೆ ಎಲ್ಲ ಸರಿಯಾಗಿದೆ! ಅಂಥವು 30 ಹೋದ ಮೇಲೆ ಲೆಕ್ಕ 65ಕ್ಕೆ ಮುಟ್ಟುತ್ತದೆ. ನಿದ್ದೆ ಕೆಡುವುದು ಸರಾಸರಿಯಿಂದಲ್ಲ, ಒಂದೊಂದು ವಿಮಾನದಿಂದ. ಇನ್ನು ನಿಲ್ದಾಣದಲ್ಲೇ ನೈಟ್ ಶಿಫ್ಟ್ ಮಾಡಿ ಸುತ್ತಲಿನ ಪಿಜಿಗಳಲ್ಲಿ ಹಗಲು ಮಲಗುವ ಹುಡುಗ ಹುಡುಗಿಯರ ನಿದ್ದೆ ಯಾವ ಮಿತಿಯ ಲೆಕ್ಕಕ್ಕೂ ಬಂದಿಲ್ಲ.

ರಾತ್ರಿ ವಿಮಾನವನ್ನೇ ನಿಲ್ಲಿಸಿ ಅನ್ನುವವರಿದ್ದಾರೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿಷೇಧ ಇದೆ. ಇಲ್ಲಿ ಅದು ಆಗುವ ಮಾತಲ್ಲ. ಟ್ಯಾಕ್ಸಿ, ಹೋಟೆಲ್, ಕಾರ್ಗೋ ಅಂತ ಎಷ್ಟೋ ಮನೆಗಳ ಅನ್ನ ರಾತ್ರಿ ಪಾಳಿಯಲ್ಲೇ ಇದೆ. ಹೊಸ ಎಂಜಿನ್‌ಗಳ ಸದ್ದು ಹಳೆಯವಕ್ಕಿಂತ ಕಡಿಮೆ ನಿಜ, ಆದರೆ ಸಂಖ್ಯೆ ಏರುತ್ತಾ ಹೋದರೆ ಆ ಲಾಭ ಅಲ್ಲಿಂದಲ್ಲಿಗೆ. ಉಳಿಯುವುದು ಜಮೀನು ಬಳಕೆ. ಗೆರೆಯ ನೇರಕ್ಕೆ ಬರುವ ಜಾಗದಲ್ಲಿ ಗೋದಾಮು, ವರ್ಕ್‌ಶಾಪ್, ಅಂಗಡಿ ಸಾಲು ಬರಲಿ. ಶಾಲೆ, ಆಸ್ಪತ್ರೆ, ವಸತಿ ಲೇಔಟ್ ಪಕ್ಕಕ್ಕೆ ಸರಿಯಲಿ. ಇದಕ್ಕೆ ಸರ್ಕಾರದ ಬೊಕ್ಕಸದಿಂದ ದೊಡ್ಡ ದುಡ್ಡೇನೂ ಬೇಕಿಲ್ಲ. ಆದರೆ ಗೆರೆಯ ಕೆಳಗೆ ಜಮೀನು ಇರುವ ರೈತ, ವಸತಿ ರೇಟು ಸಿಗಲ್ಲ ಅಂತ ಬೇಡ ಅಂದಾನು. ಆ ಸಿಟ್ಟಿನಲ್ಲಿ ನ್ಯಾಯ ಇದೆ. ಅದನ್ನು ಮಾತಾಡಿಯೇ ತೀರಿಸಬೇಕು.

ಹೆಚ್ಚು ಏರಿಳಿತ ಇರುವ ನಿಲ್ದಾಣಗಳು ಶಬ್ದದ ನಕ್ಷೆ ಮಾಡಬೇಕು ಅನ್ನುವುದು ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಗ್ರಾಮ ಪಂಚಾಯ್ತಿಗಳೂ, ಲೇಔಟಿಗೆ ಅನುಮೋದನೆ ಕೊಡುವ ಬಯಪಾ ಕೂಡ ಆ ನಕ್ಷೆಯನ್ನು ಸರ್ವೆ ನಂಬರ್ ಸಮೇತ ಕನ್ನಡದಲ್ಲಿ ಬೋರ್ಡಿಗೆ ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆ ಇದು. ಹಾಗೇ, ಸರಾಸರಿ ಬಿಟ್ಟು ರಾತ್ರಿ 80 ದಾಟಿದ್ದು ಎಷ್ಟು ಸಲ ಅಂತಲೂ ಕೇಳಬೇಕು.

ಆಗಲೇ ಕಟ್ಟಿದವರಿಗೆ ಒಂದು ಮಾತು. ಇಟ್ಟಿಗೆ ಗೋಡೆ ಶಬ್ದ ತಡೆಯುತ್ತದೆ, ಒಳಗೆ ಬಿಡುವುದು ಕಿಟಕಿಯ ಸಂದು ಮತ್ತು ಶೀಟ್ ಚಾವಣಿ. ಮಲಗುವ ಕೋಣೆಗಾದರೂ ಮೋಲ್ಡ್ ಹಾಕಿಸಿ, ಕಿಟಕಿ ಅಂಚಿಗೆ ರಬ್ಬರ್ ಕೂರಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೇ ವಿಮಾನ ನಿಲ್ದಾಣ ಬಂದರೆ ಇಲ್ಲಿ ಹೊರೆ ಇಳಿಯುತ್ತದೆ ಅಂತ ಕಾಯುವವರಿಗೆ: 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬೇಡ ಅನ್ನುವ ಒಪ್ಪಂದದ ಷರತ್ತು 2033ರವರೆಗೆ ಇದೆ.